ಹೊಸ ಎಲೆಕ್ಟ್ರಿಕ್ ಗಿಟಾರ್: ಕೊಳ್ಳುವಾಗ, ಕೊಂಡ ಮೇಲೆ

ಪ್ರಶ್ನೆ: ಮೊದಲ ಬಾರಿಗೆ ಎಲೆಕ್ಟ್ರಿಕ್ ಗಿಟಾರ್ ಕೊಳ್ಳುತ್ತಿದ್ದೇನೆ. ಏನನ್ನು ಪರೀಕ್ಷಿಸಬೇಕು, ಆಮೇಲೆ ಹೇಗೆ ಕಾಪಾಡಿಕೊಳ್ಳಬೇಕು?

ಉತ್ತರ: ಬಣ್ಣಕ್ಕೆ ಮನಸೋಲುವ ಮುನ್ನ ನುಡಿಸಿ ನೋಡಿ. ಪ್ರತಿ ತಂತಿಯನ್ನೂ ಒಂದೊಂದೇ ಫ್ರೆಟ್‌ನಲ್ಲಿ (ಗಿಟಾರಿನ ಕತ್ತಿನ ಮೇಲಿನ ಅಡ್ಡ ಲೋಹಪಟ್ಟಿಗಳಲ್ಲಿ) ಒತ್ತಿ ಮೀಟುತ್ತಾ ಹೋದಾಗ ಎಲ್ಲಿಯೂ ಝಿರ್ರೆನ್ನುವ ಸದ್ದು ಬರಬಾರದು. ಒತ್ತದೆ ಮೀಟಿದ ತಂತಿಯ ಸ್ವರಕ್ಕೂ ಅದನ್ನೇ 12ನೆಯ ಫ್ರೆಟ್‌ನಲ್ಲಿ ಒತ್ತಿ ಮೀಟಿದಾಗಿನ ಸ್ವರಕ್ಕೂ ನಿಖರವಾಗಿ ಒಂದು ಸ್ಥಾಯಿಯ ಅಂತರವಿರಬೇಕು, ಇಲ್ಲವಾದರೆ ಬ್ರಿಡ್ಜ್‌ನ (ಗಿಟಾರಿನ ಒಡಲ ಮೇಲೆ ತಂತಿಗಳಿಗೆ ಆಧಾರವಾಗಿರುವ ಭಾಗದ) ಸ್ಯಾಡಲ್‌ಗಳನ್ನು, ಅಂದರೆ ತಂತಿಗಳು ಕೂರುವ ಸಣ್ಣ ತುಂಡುಗಳನ್ನು, ಸರಿಹೊಂದಿಸಿಕೊಡುವಂತೆ ಅಂಗಡಿಯವರನ್ನು ಖಂಡಿತ ಕೇಳಿ. ಹಣವನ್ನೆಲ್ಲ ಗಿಟಾರಿಗೇ ಸುರಿಯದೆ ಸಣ್ಣ ಆಂಪ್ಲಿಫೈಯರ್, ಕೇಬಲ್, ಶ್ರುತಿ ನೋಡುವ ಟ್ಯೂನರ್‌ಗಳಿಗೂ ಉಳಿಸಿಕೊಳ್ಳಿ.

ನುಡಿಸಿದ ಬಳಿಕ ಒಣ ಹತ್ತಿಬಟ್ಟೆಯಿಂದ ತಂತಿಗಳನ್ನು, ಮರೆಯದೆ ಅವುಗಳ ಅಡಿಭಾಗವನ್ನೂ, ಒರೆಸಿ. ಬೆರಳಿನ ಬೆವರಿನಿಂದಲೇ ತಂತಿಗಳು ಬೇಗ ತುಕ್ಕು ಹಿಡಿಯುತ್ತವೆ. ಹೊಸ ತಂತಿಗಳು ಹಿಗ್ಗುವುದರಿಂದ ಮೊದಲ ಕೆಲವು ದಿನ ಶ್ರುತಿ ಇಳಿಯುವುದು ಸಹಜ, ಅದನ್ನು ದೋಷವೆಂದು ದಯವಿಟ್ಟು ಭಾವಿಸಬೇಡಿ.