ಯಾರಿಗೂ ಹೇಳದೆ ತಪ್ಪಿಸಿದ ಮಾತ್ರೆ

(ಗುರುತು ಸಿಗದಂತೆ ಹೆಸರು, ಕೆಲಸ, ಬಡಾವಣೆ ಬದಲಾಯಿಸಿದ್ದೇನೆ.)

ನಾಗರಾಜ್ ಅವರಿಗೆ 48 ವರ್ಷ. ವಿಜಯನಗರದಲ್ಲಿ ಮನೆ, ಪೀಣ್ಯದಲ್ಲಿ ಕೆಲಸ. ಹೆಂಡತಿಯ ಜೊತೆ ನನ್ನ ಹತ್ತಿರ ಸಲಹೆಗೆ ಬಂದಿದ್ದರು. ಕೂತ ತಕ್ಷಣ, "ರಕ್ತ ತೆಳು ಮಾಡೋ ಮಾತ್ರೆ ಬಿಡಬೇಕು ಅಂತಿದ್ದೀನಿ ಮೇಡಂ. ಇವಳು ಒಪ್ತಿಲ್ಲ. ನೀವೇ ಹೇಳಿ" ಅಂದರು.

ಮೊದಲ ಸಲ ಕಾಲಲ್ಲಿ ರಕ್ತ ಹೆಪ್ಪುಗಟ್ಟಿದ್ದು ಮೂಳೆ ಮುರಿದು ಪ್ಲಾಸ್ಟರ್ ಹಾಕಿದ್ದಾಗ. ಕಾರಣ ಗೊತ್ತಿತ್ತು, ಹಾಗಾಗಿ 3 ತಿಂಗಳು ಮಾತ್ರೆ ಕೊಟ್ಟು ಆಮೇಲೆ ಡಾಕ್ಟರೇ ನಿಲ್ಲಿಸಿದ್ದರು. ಎರಡನೆಯದು ಯಾವ ಕಾರಣವೂ ಇಲ್ಲದೆ ಬಂತು. ಕಾಲು ಸರಿಹೋಯಿತು ಎಂದು ಇವರೇ ಮಾತ್ರೆ ಬಿಟ್ಟರು. ಮೂರನೆಯದು ಶ್ವಾಸಕೋಶದವರೆಗೂ ಹೋಯಿತು. ಆಮೇಲೆ ಡಾಕ್ಟರು, "ಇನ್ನು ಇದು ನಿಲ್ಲಿಸೋ ಮಾತ್ರೆ ಅಲ್ಲ" ಎಂದಿದ್ದಾರೆ.

ನಿಲ್ಲಿಸುವ ತೀರ್ಮಾನ ಡಾಕ್ಟರದು. ಯಾಕೆ ನಿಲ್ಲಿಸಬೇಕು ಅನ್ನಿಸುತ್ತಿದೆ ಎಂದು ಕೇಳಬೇಕಾದವಳು ನಾನು. ಅದಕ್ಕೆ ಇಬ್ಬರ ಹತ್ತಿರವೂ ಬೇರೆ ಬೇರೆಯಾಗಿ ಮಾತಾಡಿದೆ.

ಒಬ್ಬರೇ ಇದ್ದಾಗ ನಾಗರಾಜ್ ಬಾಯಿಬಿಟ್ಟರು. ವಾರದಲ್ಲಿ ಒಂದೆರಡು ದಿನ ಅಸಿಟ್ರೋಮ್ (ಅದೇ ರಕ್ತ ತೆಳು ಮಾಡೋ ಮಾತ್ರೆ) ತಪ್ಪಿಸುತ್ತಿದ್ದರು. ರಕ್ತ ಎಷ್ಟು ತೆಳುವಾಗಿದೆ ಎಂದು ತೋರಿಸುವ ರಕ್ತ ಪರೀಕ್ಷೆಯ ಅಂಕಿ, ಐಎನ್‌ಆರ್, 2ರಿಂದ 3ರ ಒಳಗೆ ಇರಬೇಕು, ಇವರದು ಕೆಳಗೇ ಇರುತ್ತಿತ್ತು. ಮಾತ್ರೆ ಸಾಲುತ್ತಿಲ್ಲ ಎಂದುಕೊಂಡು ಡಾಕ್ಟರು ಡೋಸ್ ಏರಿಸಿದರು. ಹೆಂಡತಿ ಕಾವಲು ಕೂತ ವಾರ ಅಷ್ಟೂ ಮಾತ್ರೆ ಹೊಟ್ಟೆಗೆ ಹೋಯಿತು, ವಸಡಲ್ಲಿ ರಕ್ತ ಬಂತು. "ನೋಡಿ, ಈ ಮಾತ್ರೆ ನನ್ನ ಮೈಗೆ ಆಗಲ್ಲ" ಎಂಬ ನಂಬಿಕೆ ಹುಟ್ಟಿದ್ದು ಅಲ್ಲಿಂದ. ನನಗೆ ನಿಜವಾಗಿ ಭಯವಾಗಿದ್ದು ಇದನ್ನು ಕೇಳಿದಾಗ. ಮುಚ್ಚಿಟ್ಟು ತಪ್ಪಿಸಿದರೆ ಹೆಪ್ಪುಗಟ್ಟುವ ಅಪಾಯ, ರಕ್ತಸ್ರಾವದ ಅಪಾಯ ಎರಡೂ ಒಟ್ಟಿಗೇ ಬರುತ್ತವೆ.

ತಪ್ಪಿಸಿದ್ದಕ್ಕೆ ಕಾರಣವೂ ಇತ್ತು. ಪದೇಪದೇ ರಕ್ತ ಪರೀಕ್ಷೆಗೆ ಅರ್ಧ ದಿನ ರಜೆ. ಮಾತ್ರೆಯ ಕೆಲಸ ಕುಗ್ಗೀತೆಂದು ಸೊಪ್ಪು ತಿನ್ನಲು ಹೆದರಿಕೆ. ಮನೆಗೆ ಬಂದವರೆಲ್ಲ "ಪಾಪ, ಪೇಶೆಂಟು" ಅನ್ನುವುದು. ಅತ್ತೆಯವರ ಬೆಳ್ಳುಳ್ಳಿ ಕಷಾಯ ಬೇರೆ! ಮಾತ್ರೆಯ ಜೊತೆ ಬದುಕುವುದೇ ಅವರಿಗೆ ಸಾಕಾಗಿತ್ತು. ಈ ದಣಿವನ್ನು ಡಾಕ್ಟರ ಹತ್ತಿರ ಒಮ್ಮೆಯೂ ಹೇಳಿರಲಿಲ್ಲ, ಅಲ್ವಾ ಎಂದೆ. ತಲೆಯಾಡಿಸಿದರು.

ನಾನು ಹೇಳಿದ್ದು ಇಷ್ಟು. ಕಾರಣವಿಲ್ಲದೆ ಒಂದೇ ಸಲ ಹೆಪ್ಪುಗಟ್ಟಿದವರಲ್ಲೂ, ಮಾತ್ರೆ ನಿಲ್ಲಿಸಿದ ಮೊದಲ ವರ್ಷದಲ್ಲಿ ಸುಮಾರು 10 ಜನರಲ್ಲಿ ಒಬ್ಬರಿಗೆ ಮತ್ತೆ ಬರುತ್ತದೆ. 10 ವರ್ಷದಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ. ಗಂಡಸರಿಗೆ ಇನ್ನೂ ಜಾಸ್ತಿ. ನಿಮಗೆ ಬಂದಿರುವುದು ಮೂರು ಸಲ. ಹಾಗಾಗಿ ನೀವಾಗಿಯೇ ನಿಲ್ಲಿಸಬೇಡಿ. ತಪ್ಪಿಸಿದ ದಿನಗಳನ್ನು ಡಾಕ್ಟರಿಗೆ ಬಿಚ್ಚಿ ಹೇಳಿ, ಡೋಸ್ ಲೆಕ್ಕವೇ ಬದಲಾಗಬಹುದು. ಪದೇಪದೇ ಐಎನ್‌ಆರ್ ಬೇಡದ ಅಪಿಕ್ಸಬಾನ್, ರಿವರೊಕ್ಸಬಾನ್ ಎಂಬ ಹೊಸ ಬಗೆಯ ಮಾತ್ರೆ ನನಗೆ ಆಗುತ್ತದಾ ಎಂದು ಕೇಳಿ. ಕಿಡ್ನಿ, ಲಿವರ್ ನೋಡಬೇಕಾಗುತ್ತದೆ. ರಕ್ತ ಸುಲಭವಾಗಿ ಹೆಪ್ಪುಗಟ್ಟುವಂತೆ ಮಾಡುವ ಆಂಟಿಫಾಸ್ಫೊಲಿಪಿಡ್ ಎಂಬ ತೊಂದರೆ ಇದ್ದವರಿಗೆ ಸಾಮಾನ್ಯವಾಗಿ ಅಸಿಟ್ರೋಮ್‌ನಂಥ ಹಳೆಯ ಬಗೆಯ ಮಾತ್ರೆಯೇ ಸರಿ, ಅದನ್ನೂ ವಿಚಾರಿಸಿ. ಹೊಸ ಬಗೆಯ ಮಾತ್ರೆಯಾದರೆ 6 ತಿಂಗಳ ನಂತರ ಕೆಲವರಿಗೆ ಕಡಿಮೆ ಡೋಸ್ ಸಾಕಾಗುತ್ತದೆ. ಸೊಪ್ಪು ಬಿಡಬೇಕಿಲ್ಲ, ವಾರವಾರವೂ ಹೆಚ್ಚುಕಮ್ಮಿ ಒಂದೇ ಅಳತೆಯಲ್ಲಿ ತಿನ್ನಿ. ಬೆಳ್ಳುಳ್ಳಿ ಒಗ್ಗರಣೆಗಿರಲಿ, ಮಾತ್ರೆಯ ಬದಲಿಗೆ ಬೇಡ. ಮೈಕೈ ನೋವಿಗೆ ಸುಮ್ನೆ ಡೈಕ್ಲೊಫೆನಾಕ್ ನುಂಗಬೇಡಿ, ರಕ್ತಸ್ರಾವ ಹೆಚ್ಚುತ್ತದೆ. ಇದ್ದಕ್ಕಿದ್ದಂತೆ ಏದುಸಿರು, ಎದೆನೋವು, ಕಪ್ಪು ಮಲ, ತಲೆಗೆ ಪೆಟ್ಟು, ಇವುಗಳಲ್ಲಿ ಯಾವುದಾದರೂ ಆದರೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ.

ಹೆಂಡತಿಗೆ ಹೇಳಿದ್ದು ಒಂದೇ ಮಾತು: ಮಾತ್ರೆ ಎಣಿಸುವುದನ್ನು ಬಿಡಿ. ಅವರು ಗಂಡನನ್ನು ಎರಡು ಸಲ ಆಸ್ಪತ್ರೆಗೆ ಓಡಿಸಿಕೊಂಡು ಹೋದವರು. ಬಿಡುವುದು ಸುಲಭವಲ್ಲ ಎಂದು ನನಗೂ ಗೊತ್ತು. ಆದರೆ ಆ ಎಣಿಕೆಯಿಂದಲೇ ನಾಗರಾಜ್ ಮುಚ್ಚಿಡುವುದನ್ನು ಕಲಿತಿದ್ದರು.

ಡಾಕ್ಟರು ಪರೀಕ್ಷೆಗಳನ್ನು ಮಾಡಿಸಿ ಅಪಿಕ್ಸಬಾನ್‌ಗೆ ಬದಲಾಯಿಸಿದ್ದಾರೆ. ದಿನಕ್ಕೆರಡು ಸಲ, ತಪ್ಪಿಸುವ ಹಾಗಿಲ್ಲ. ಬಿಡಬೇಕೆಂಬ ಆಸೆ ನಾಗರಾಜ್‌ಗೆ ಈಗಲೂ ಇದೆ. ವರ್ಷಕ್ಕೊಮ್ಮೆ ಡಾಕ್ಟರ ಮುಂದೆ ಕೂತು ಆ ಪ್ರಶ್ನೆಯನ್ನು ಧೈರ್ಯವಾಗಿ ಕೇಳಿ ಎಂದಿದ್ದೇನೆ.