‘ಮೂನ್‌ವಾಕ್’ ಓದಿದರೆ ಅಭಿಮಾನ ಕುಂದುವುದೇ?

ನಮಸ್ಕಾರ. 1996ರ ನವೆಂಬರ್ 1ರಂದು ಅಂಧೇರಿಯಲ್ಲಿ ಮೈಕಲ್ ಜಾಕ್ಸನ್ ಅವರ ಕಾರ್ಯಕ್ರಮವನ್ನು ಕಣ್ಣಾರೆ ಕಂಡ ತಾವು, ಅವರ ಆತ್ಮಕಥೆ ‘ಮೂನ್‌ವಾಕ್’ ಓದಿದರೆ ಅಭಿಮಾನಕ್ಕೆ ಧಕ್ಕೆಯಾದೀತೇ, ಅದರಲ್ಲಿ ನಮ್ಮ ಮುಂಬಯಿಯ ಪ್ರಸ್ತಾಪವಿದೆಯೇ ಎಂದು ಕೇಳಿದ್ದೀರಿ. ಎರಡನೆಯದಕ್ಕೆ ಉತ್ತರ ಸುಲಭ: ಪುಸ್ತಕ ಹೊರಬಂದದ್ದು 1988ರಲ್ಲಿ, ಅವರ 29ನೆಯ ವಯಸ್ಸಿನಲ್ಲಿ, ಹಾಗಾಗಿ ಅಂಧೇರಿಯ ಆ ಸಂಜೆಯನ್ನು ಅಲ್ಲಿ ಹುಡುಕಬೇಡಿ.

ಅಭಿಮಾನ ಕುಂದುವುದಿಲ್ಲ, ಆದರೆ ಅದರ ನೆಲೆ ಬದಲಾಗಬಹುದು. 1983ರ ಮೋಟೌನ್ ಎಂಬ ಧ್ವನಿಮುದ್ರಣ ಸಂಸ್ಥೆಯ ದೂರದರ್ಶನ ಕಾರ್ಯಕ್ರಮದ ಚಿತ್ರೀಕರಣಕ್ಕೆ ಹಿಂದಿನ ರಾತ್ರಿ ಮನೆಯ ಅಡುಗೆಕೋಣೆಯಲ್ಲಿ ‘ಬಿಲ್ಲಿ ಜೀನ್’ ಹಾಡನ್ನು ಜೋರಾಗಿ ಹಾಕಿಕೊಂಡು ಹೆಜ್ಜೆಗಳನ್ನು ಕಂಡುಕೊಂಡದ್ದನ್ನೂ, ಮೂನ್‌ವಾಕ್ ಎಂಬ, ಮುಂದೆ ನಡೆಯುವಂತೆ ತೋರುತ್ತ ಹಿಂದಕ್ಕೆ ಜಾರುವ ನೃತ್ಯದ ಹೆಜ್ಜೆ ತಮ್ಮ ಸೃಷ್ಟಿಯಲ್ಲ, ಬೀದಿಯಲ್ಲಿ ಕುಣಿಯುತ್ತಿದ್ದ ಮಕ್ಕಳದು ಎಂಬುದನ್ನೂ, ಅಷ್ಟು ಚಪ್ಪಾಳೆ ಬಿದ್ದ ಮೇಲೂ ತುದಿಗಾಲಿನಲ್ಲಿ ಇನ್ನಷ್ಟು ಹೊತ್ತು ನಿಲ್ಲಲಾಗಲಿಲ್ಲವೆಂದು ಕೊರಗಿದ್ದನ್ನೂ ಅವರು ಹೇಳಿಕೊಳ್ಳುವ ಪುಟಗಳಿಗಾಗಿಯೇ ಈ ಪುಸ್ತಕವನ್ನು ಓದಬೇಕು. ನನ್ನ ಮಟ್ಟಿಗೆ ಆ ಕೊರಗು ಅಷ್ಟೂ ಪ್ರಶಸ್ತಿಗಳಿಗಿಂತ ಹೆಚ್ಚಿನದನ್ನು ತಿಳಿಸುತ್ತದೆ. ತಂದೆಯ ಹೊಡೆತಗಳನ್ನೂ ಒಂಟಿತನವನ್ನೂ ಅವರು ಮುಚ್ಚಿಡುವುದಿಲ್ಲವಾದರೂ, ಆಪ್ತರ ವಿಷಯ ಬಂದಾಗ ಮಾತು ಬಹಳ ಜಾಗರೂಕವಾಗುತ್ತದೆ; ಕೀರ್ತಿಯ ತುತ್ತತುದಿಯಲ್ಲಿದ್ದವರು ಬರೆದುಕೊಂಡ ಪುಸ್ತಕವಲ್ಲವೇ! (ಇದರ ಸಂಪಾದಕಿ, ಅಮೆರಿಕದ ಅಧ್ಯಕ್ಷ ಜಾನ್ ಕೆನಡಿಯವರ ಪತ್ನಿಯಾಗಿದ್ದ ಜಾಕ್ವೆಲಿನ್ ಕೆನಡಿ ಒನಾಸಿಸ್ ಎಂಬುದು ಅನೇಕರಿಗೆ ಅಚ್ಚರಿ.)

ಬಾಲ್ಯದ ಅಧ್ಯಾಯಗಳನ್ನು ಡೊಂಬಿವಲಿಯ ಲೋಕಲ್ ಗಾಡಿಯಲ್ಲೇ ಓದಬಹುದು. ‘ಆಫ್ ದ ವಾಲ್’, ‘ಥ್ರಿಲ್ಲರ್’ ಆಲ್ಬಮ್‌ಗಳ ಭಾಗ ಬಂದಾಗ ಮಾತ್ರ ಮನೆಯಲ್ಲಿ ಕುಳಿತು, ಒಂದೊಂದು ಹಾಡನ್ನೂ ಕೇಳುತ್ತ ನಿಧಾನವಾಗಿ ಓದಿರಿ.