ಮಾನಸಿಕ ಕಾಯಿಲೆ ಇರುವ ತಂಗಿಯ ಪರವಾಗಿ ನಾನು ಹೇಗೆ ನಿಲ್ಲಲಿ?

ನನ್ನ ತಂಗಿಗೆ ಬೈಪೋಲಾರ್ ಕಾಯಿಲೆ (ಮನಸ್ಸು ಕೆಲವು ಕಾಲ ಉನ್ಮಾದಕ್ಕೆ ಏರಿ, ಕೆಲವು ಕಾಲ ಖಿನ್ನತೆಗೆ ಕುಗ್ಗುವ ಕಾಯಿಲೆ) ಇದೆ ಅಂತ ಆರು ತಿಂಗಳ ಹಿಂದೆ ಗೊತ್ತಾಯಿತು, ಡಾಕ್ಟರ ಮುಂದೆ ಕೂತರೆ ಅವರು ಬಾಯಿ ಬಿಡುವುದೇ ಇಲ್ಲ, ಅವರ ಬದಲು ನಾನೇ ಮಾತಾಡಬೇಕು ಅನ್ನಿಸುತ್ತದೆ, ಆದರೆ ನನಗೆ ಈ ವಿಷಯ ಏನೂ ಗೊತ್ತಿಲ್ಲ, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ನಾನೂ ಡಾಕ್ಟರಲ್ಲ. ನನ್ನ ಅಣ್ಣನಿಗೆ ಸ್ಕಿಜೋಫ್ರೀನಿಯಾ ಇದೆ. ಹದಿನಾಲ್ಕು ವರ್ಷದಿಂದ ಅವನ ಜೊತೆ ಆಸ್ಪತ್ರೆಗೆ ಹೋಗಿಬರುತ್ತಿದ್ದೇನೆ. ಮೊದಲ ಕೆಲವು ವರ್ಷ ನಾನು ಮಾಡಿದ್ದರಲ್ಲಿ ತಪ್ಪೇ ಜಾಸ್ತಿ. ಅಲ್ಲಿಂದಲೇ ಹೇಳುತ್ತೇನೆ, ಯಾಕೆಂದರೆ ನೀವೂ ಅದೇ ದಾರಿಯಲ್ಲಿ ಹೊರಟ ಹಾಗೆ ಕಾಣುತ್ತಿದೆ.

ಡಾಕ್ಟರು ಅಣ್ಣನ ಮುಖ ನೋಡಿ "ಹೇಗಿದ್ದೀರಿ?" ಅಂತ ಕೇಳುತ್ತಿದ್ದರು. ಅವನು ಬಾಯಿ ತೆರೆಯುವ ಮೊದಲೇ ನಾನು ಶುರು ಮಾಡುತ್ತಿದ್ದೆ. ನಿದ್ದೆ ಮಾಡುವುದಿಲ್ಲ, ಸ್ನಾನಕ್ಕೆ ಹೋಗುವುದಿಲ್ಲ, ರಾತ್ರಿಯೆಲ್ಲ ಓಡಾಡುತ್ತಾನೆ. ಅವನು ನೆಲ ನೋಡುತ್ತಾ ಕೂತಿರುತ್ತಿದ್ದ. ಒಂದು ದಿನ ವಾಪಸ್ ಬರುವಾಗ ಬಸ್ಸಿನಲ್ಲಿ ಅವನು ಮೆಲ್ಲಗೆ ಹೇಳಿದ, "ನಿನಗೆ ಗೊತ್ತಿರೋದನ್ನೆಲ್ಲ ಹೇಳ್ದೆ. ನನಗೆ ಗೊತ್ತಿರೋದನ್ನ ಯಾರೂ ಕೇಳ್ಲಿಲ್ಲ."

ಏನು ಗೊತ್ತಿತ್ತು ಅಂತ ಆ ರಾತ್ರಿ ಕೇಳಿದೆ. ಕಾಲಿನ ಒಳಗೆ ಏನೋ ಹರಿದಾಡಿದ ಹಾಗೆ ಆಗುತ್ತದೆ, ಕೂತರೆ ತಡೆಯಲು ಆಗುವುದಿಲ್ಲ, ಎದ್ದು ನಡೆದರೆ ಸ್ವಲ್ಪ ಕಡಿಮೆ, ಅದಕ್ಕೇ ನಡೆಯುತ್ತೇನೆ ಅಂದ. ಹೊಸ ಮಾತ್ರೆ ಶುರುವಾದ ವಾರದಿಂದ ಹೀಗೆ ಅಂತಲೂ ಅಂದ. ಇದಕ್ಕೆ ಅಕಥೀಸಿಯಾ ಅಂತ ಹೆಸರಿದೆ. ಸೈಕೋಸಿಸ್‌ಗೆ, ಅಂದರೆ ಇಲ್ಲದ ದನಿ ಕೇಳಿಸುವುದು, ಇಲ್ಲದ್ದನ್ನು ನಿಜ ಅಂತ ನಂಬುವುದು ಇಂಥದ್ದಕ್ಕೆ, ಕೊಡುವ ಹಲವು ಮಾತ್ರೆಗಳ ಅಡ್ಡಪರಿಣಾಮ ಇದು. ಹೊರಗಿನಿಂದ ನೋಡುವವರಿಗೆ ಕಾಯಿಲೆಯೇ ಕೆರಳಿದ ಹಾಗೆ ಕಾಣುತ್ತದೆ. ನನಗೆ ಕಂಡದ್ದು "ರಾತ್ರಿಯೆಲ್ಲ ಓಡಾಡುತ್ತಾನೆ" ಅನ್ನುವುದು, ನಾನು ಹೇಳಿದ್ದೂ ಅಷ್ಟೇ, ಅದನ್ನು ಕೇಳಿ ಡಾಕ್ಟರು ಡೋಸ್ ಜಾಸ್ತಿ ಮಾಡಿದರು, ಅವನ ಸಂಕಟವೂ ಜಾಸ್ತಿಯಾಯಿತು, ನಾನು ಮುಂದಿನ ಸಲ ಹೋಗಿ ಇನ್ನೂ ಓಡಾಡುತ್ತಾನೆ ಅಂದೆ, ಮತ್ತೆ ಡೋಸ್ ಏರಿತು. ಮೂರನೇ ಸಲ ಅವನೇ ಹೇಳಿದ. ನಾನು ಬಾಯಿ ಮುಚ್ಚಿ ಕೂತಿದ್ದೆ. ಡಾಕ್ಟರು ನಾಲ್ಕೈದು ಪ್ರಶ್ನೆ ಕೇಳಿ ಡೋಸ್ ಇಳಿಸಿದರು. ಕೆಲವು ವಾರದಲ್ಲಿ ಅವನು ನಮ್ಮ ಜೊತೆ ಕೂತು ಊಟ ಮುಗಿಸುವಂತಾದ.

ಇಷ್ಟು ಪ್ರೀತಿ ಇಟ್ಟುಕೊಂಡೇ ನಾನು ಅವನಿಗೆ ತಿಂಗಳುಗಟ್ಟಲೆ ನೋವು ಕೊಟ್ಟಿದ್ದೆ. ಇದನ್ನು ನೆನೆದರೆ ಈಗಲೂ ಎದೆ ಭಾರವಾಗುತ್ತದೆ. ಪರ ನಿಲ್ಲುವವರ ಮೊದಲ ಕೆಲಸ ಆ ಕೋಣೆಯಲ್ಲಿ ಕಾಯಿಲೆ ಇರುವವರ ಮಾತಿಗೆ ಜಾಗ ಮಾಡುವುದು. ಉಳಿದದ್ದೆಲ್ಲ ಆಮೇಲೆ.

ಜಾಗ ಮಾಡುವುದು ಅಂದರೆ ಸುಮ್ನೆ ಕೂರುವುದಷ್ಟೇ ಅಲ್ಲ, ಅದಕ್ಕೆ ತಯಾರಿ ಬೇಕು. ಹಿಂದಿನ ರಾತ್ರಿ ತಂಗಿಯನ್ನು ಕೇಳಿ, "ನಾಳೆ ಡಾಕ್ಟರಿಗೆ ಯಾವ ವಿಷಯ ಹೇಳಲೇಬೇಕು ನಿನಗೆ?" ಒಂದೋ ಎರಡೋ ಸಾಕು. ಅವರು ಹೇಳಿದ ಮಾತಿನಲ್ಲೇ ಬರೆದುಕೊಳ್ಳಿ, ತಿದ್ದಬೇಡಿ. "ತಲೆಯಲ್ಲಿ ಹತ್ತಿ ತುಂಬಿದ ಹಾಗಿದೆ" ಅಂದರೆ ಹಾಗೇ ಬರೆಯಿರಿ, ಅದನ್ನು "ಏಕಾಗ್ರತೆ ಇಲ್ಲ" ಅಂತ ಮಾಡಬೇಡಿ. ಅಲ್ಲಿ ಅವರಿಗೆ ಮಾತು ಹೊರಡದಿದ್ದರೆ ಆ ಚೀಟಿಯನ್ನು ಅವರೇ ಕೊಡಬಹುದು, ಅವರು ಹೇಳಿದರೆ ನೀವು ಓದಬಹುದು. ಪ್ರತಿ ಸಲವೂ ಕೇಳಿ, ನಾನು ಒಳಗೆ ಬರಲಾ, ಹೊರಗೆ ಕೂರಲಾ ಅಂತ. ಹೋದ ಸಲ ಹೂಂ ಅಂದಿದ್ದು ಈ ಸಲಕ್ಕೂ ಹೂಂ ಅಂತ ಅಲ್ಲ. ಒಳಗೆ ಹೋದರೂ ಸ್ವಲ್ಪ ಹೊತ್ತು ಅವರೊಬ್ಬರೇ ಡಾಕ್ಟರ ಜೊತೆ ಇರಲಿ. ಅಣ್ಣನಿಗೋ ಅಕ್ಕನಿಗೋ ಹೇಳಲಾಗದ ವಿಷಯ ಎಲ್ಲರಿಗೂ ಇರುತ್ತದೆ, ಅಲ್ವಾ?

ಮೌನದ ಬಗ್ಗೆ ಒಂದು ಮಾತು. ಖಿನ್ನತೆಯ ಹೊತ್ತಿನಲ್ಲಿ ಯೋಚನೆಯೇ ನಿಧಾನವಾಗಿ ನಡೆಯುತ್ತದೆ. ಕೆಲವು ಮಾತ್ರೆಗಳೂ ಮಂಕು ಕವಿಸುತ್ತವೆ. ಪ್ರಶ್ನೆ ಕೇಳಿದ ಮೇಲೆ ಉತ್ತರ ಬರಲು ಹತ್ತು ಸೆಕೆಂಡೋ ಹದಿನೈದು ಸೆಕೆಂಡೋ ಬೇಕಾಗಬಹುದು. ಎದುರಿಗೆ ಕೂತವರಿಗೆ ಅದು ಯುಗದ ಹಾಗೆ ಅನ್ನಿಸುತ್ತದೆ. ಆ ಹೊತ್ತನ್ನು ನೀವು ತುಂಬಬೇಡಿ. ಡಾಕ್ಟರು ಅವಸರ ಮಾಡಿದರೆ "ಅವಳಿಗೆ ಸ್ವಲ್ಪ ಸಮಯ ಕೊಡಿ, ಹೇಳುತ್ತಾಳೆ" ಅನ್ನಿ. ನಾನು ಅಣ್ಣನ ಪರವಾಗಿ ಆಡಿದ ಮಾತುಗಳಲ್ಲಿ ಜಾಸ್ತಿ ಕೆಲಸಕ್ಕೆ ಬಂದದ್ದು ಈ ಒಂದು ವಾಕ್ಯ.

ಹಾಗಂತ ನೀವು ಕಂಡದ್ದನ್ನು ಹೇಳಲೇಬಾರದು ಅಂತಲ್ಲ. ಬೈಪೋಲಾರ್‌ನಲ್ಲಿ ಉನ್ಮಾದ ಏರುವಾಗ ಕಾಯಿಲೆ ಇರುವವರಿಗೆ ತಾವು ಚೆನ್ನಾಗಿಯೇ ಇದ್ದೇವೆ ಅನ್ನಿಸುತ್ತದೆ, ಪಕ್ಕದಲ್ಲಿದ್ದವರ ಕಣ್ಣು ಆಗ ಬೇಕಾಗುತ್ತದೆ. ಆದರೆ ಅವರ ಎದುರೇ ಹೇಳಿ, ಹಿಂದೆ ಅಲ್ಲ. ಕಂಡದ್ದನ್ನು ಮಾತ್ರ ಹೇಳಿ. "ತುಂಬಾ ಹಟ ಮಾಡುತ್ತಾಳೆ" ಅನ್ನುವುದರಿಂದ ಯಾರಿಗೂ ಉಪಯೋಗ ಇಲ್ಲ. "ನಾಲ್ಕು ರಾತ್ರಿಯಿಂದ ಮೂರು ಗಂಟೆ ಮಾತ್ರ ಮಲಗಿದ್ದಾಳೆ, ಆದರೂ ದಣಿವು ಅನ್ನುವುದಿಲ್ಲ" ಅಂದರೆ ಡಾಕ್ಟರ ಕಿವಿ ನೆಟ್ಟಗಾಗುತ್ತದೆ, ಯಾಕೆಂದರೆ ನಿದ್ದೆ ಕಡಿಮೆಯಾಗಿಯೂ ಚುರುಕಾಗಿ ಇರುವುದು ಉನ್ಮಾದದ ಮುನ್ಸೂಚನೆಗಳಲ್ಲಿ ಮುಖ್ಯವಾದದ್ದು. ನಿದ್ದೆಯ ಲೆಕ್ಕ ಒಂದು ಪುಸ್ತಕದಲ್ಲಿ ಇರಲಿ. ಸಾಧ್ಯವಾದರೆ ಅವರೇ ಬರೆಯಲಿ.

ಇನ್ನು ಮಾತ್ರೆಯ ವಿಷಯ. ಯಾವ ಮಾತ್ರೆ ಕೊಟ್ಟಿದ್ದಾರೆ ಅಂತ ನೀವು ಬರೆದಿಲ್ಲ. ಮನಸ್ಸಿನ ಏರಿಳಿತ ತಡೆಯಲು ಕೊಡುವ ಲಿಥಿಯಂ ಆಗಿದ್ದರೆ ಅದರ ಪ್ರಮಾಣ ರಕ್ತದಲ್ಲಿ ಬಹಳ ಕಿರಿದಾದ ಗಡಿಯೊಳಗೆ ಇರಬೇಕು. ಸ್ವಲ್ಪ ಕಡಿಮೆಯಾದರೆ ಕೆಲಸ ಮಾಡದು, ಸ್ವಲ್ಪ ಜಾಸ್ತಿಯಾದರೆ ವಿಷ. ಅದಕ್ಕೇ ಆಗಾಗ ರಕ್ತ ಪರೀಕ್ಷೆ, ಜೊತೆಗೆ ಕಿಡ್ನಿ, ಥೈರಾಯ್ಡ್ ಪರೀಕ್ಷೆ. ರಕ್ತ ಕೊಡಬೇಕಾದದ್ದು ಕೊನೆಯ ಡೋಸ್ ಆಗಿ ಸುಮಾರು 12 ಗಂಟೆ ಆದ ಮೇಲೆ. ಇದು ತಪ್ಪಿದರೆ ಬರುವ ಅಂಕಿಗೆ ಅರ್ಥವೇ ಇರುವುದಿಲ್ಲ. ವಾಂತಿ ಭೇದಿಯಾಗಿ ಮೈಯಲ್ಲಿ ನೀರು ಕಡಿಮೆಯಾದರೆ, ಅಥವಾ ನೋವಿಗೆ ಅಂತ ಐಬುಪ್ರೊಫೇನ್ ನುಂಗಿದರೆ, ಲಿಥಿಯಂ ಏರಬಹುದು. ಕೈ ಜೋರಾಗಿ ನಡುಗುವುದು, ನಡಿಗೆ ತೂರಾಡುವುದು, ಮಾತು ತೊದಲುವುದು ಕಂಡರೆ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ವ್ಯಾಲ್ಪ್ರೊಯೇಟ್ ಆಗಿದ್ದರೆ ಬೇರೆ ಪ್ರಶ್ನೆ ಇದೆ. ಬಸುರಿಯಾಗಿದ್ದಾಗ ಅದನ್ನು ತೆಗೆದುಕೊಂಡರೆ ಹುಟ್ಟುವ 10 ಮಕ್ಕಳಲ್ಲಿ ಸುಮಾರು ಒಂದಕ್ಕೆ ಹುಟ್ಟಿನಿಂದಲೇ ಅಂಗದೋಷ ಬರುತ್ತದೆ, ಮೂರು ನಾಲ್ಕು ಮಕ್ಕಳಿಗೆ ಬೆಳವಣಿಗೆ, ಕಲಿಕೆಯ ತೊಂದರೆ ಬರುತ್ತದೆ. ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ಇದನ್ನು ಯಾರಾದರೂ ಕೂರಿಸಿ ಹೇಳಲೇಬೇಕು. ತಂಗಿಗೆ ಹೇಳಿದ್ದಾರಾ ಅಂತ ಕೇಳಿ. ಹೇಳಿಲ್ಲ ಅಂದರೆ ಅವರೇ ಡಾಕ್ಟರನ್ನು ಕೇಳುವ ಹಾಗೆ ಜೊತೆಗಿರಿ. ಆದರೆ ಇದನ್ನು ಓದಿ ಯಾವ ಮಾತ್ರೆಯನ್ನೂ ತಾವಾಗಿ ನಿಲ್ಲಿಸಬೇಡಿ. ಥಟ್ಟನೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಅಪಾಯ ದೊಡ್ಡದು.

ಮೈಯ ಕಾಯಿಲೆ ಬಂದಾಗ ನಿಮ್ಮ ಅಗತ್ಯ ಇನ್ನೂ ಜಾಸ್ತಿ. ಮುಂದೆ ಅಣ್ಣನಿಗೆ ಕ್ಲೋಜಪಿನ್ ಶುರು ಮಾಡಿದರು, ಅದರಿಂದ ಅವನಿಗೆ ತುಂಬಾ ಒಳ್ಳೆಯದಾಯಿತು. ಆ ಮಾತ್ರೆ ಕರುಳಿನ ಓಟವನ್ನು ನಿಧಾನ ಮಾಡುತ್ತದೆ, ಮಲಬದ್ಧತೆ ಕೆಲವೊಮ್ಮೆ ಪ್ರಾಣಕ್ಕೇ ಬರುತ್ತದೆ ಅಂತ ನಮಗೆ ಯಾರೂ ಒತ್ತಿ ಹೇಳಿರಲಿಲ್ಲ. ಒಂದು ದಿನ ಹೊಟ್ಟೆನೋವು ಅಂತ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋದೆ. ಸ್ಕಿಜೋಫ್ರೀನಿಯಾ ಅನ್ನುವ ಪದ ಫೈಲಿನಲ್ಲಿ ಕಂಡದ್ದೇ ತಡ, ಅಲ್ಲಿದ್ದವರು ಅವನ ಹೊಟ್ಟೆ ಮುಟ್ಟಿ ನೋಡದೆ "ಇದೆಲ್ಲ ಮನಸ್ಸಿಗೆ ಅನ್ನಿಸುವುದು" ಅಂದರು. ಅವತ್ತು ನಾನು ಸುಮ್ನೆ ಕೂರಲಿಲ್ಲ. ಐದು ದಿನದಿಂದ ಮಲ ಹೋಗಿಲ್ಲ, ಹೊಟ್ಟೆ ಉಬ್ಬಿದೆ, ವಾಂತಿ ಆಗುತ್ತಿದೆ, ಕ್ಲೋಜಪಿನ್ ಇಷ್ಟು ಮಿಲಿಗ್ರಾಂ ತೆಗೆದುಕೊಳ್ಳುತ್ತಾನೆ ಅಂತ ಒಂದೊಂದಾಗಿ ಹೇಳಿದೆ, ಸ್ಕ್ಯಾನ್ ಬೇಡ ಅನ್ನುವುದಾದರೆ ಯಾಕೆ ಬೇಡ ಅಂತ ಫೈಲಿನಲ್ಲಿ ಬರೆದು ಸಹಿ ಹಾಕಿ ಅಂದೆ. ಸ್ಕ್ಯಾನ್ ಮಾಡಿದರು. ಕರುಳು ಕಟ್ಟಿಕೊಂಡಿತ್ತು. ಹೊತ್ತಿಗೆ ಸರಿಯಾಗಿ ಗೊತ್ತಾಯಿತು, ಅವನು ಉಳಿದ.

ತೀವ್ರ ಮಾನಸಿಕ ಕಾಯಿಲೆ ಇರುವವರು ಉಳಿದವರಿಗಿಂತ 10ರಿಂದ 20 ವರ್ಷ ಮೊದಲೇ ಸಾಯುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರಲ್ಲಿ ಜಾಸ್ತಿ ಸಾವು ಹೃದಯ, ಶ್ವಾಸಕೋಶ, ಸಕ್ಕರೆ ಕಾಯಿಲೆಯಂಥ ಮೈಯ ಕಾಯಿಲೆಗಳಿಂದ. ತಲೆ ಕೆಟ್ಟವರ ಮಾತು ಅಂತ ಅವರ ನೋವನ್ನು ಯಾರೂ ಕೇಳದಿರುವುದಕ್ಕೂ ಇದರಲ್ಲಿ ಪಾಲಿದೆ. ನನಗೆ ಇದರ ಬಗ್ಗೆ ಇರುವ ಸಿಟ್ಟು ಇನ್ನೂ ಆರಿಲ್ಲ. ಹಾಗಾಗಿ ಒಂದು ಹಾಳೆ ಯಾವಾಗಲೂ ಸಿದ್ಧವಾಗಿರಲಿ: ಮಾತ್ರೆಗಳ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ, ಹಿಂದೆ ಯಾವುದು ಒಗ್ಗಲಿಲ್ಲ, ಕೊನೆಯ ರಕ್ತ ಪರೀಕ್ಷೆ ಯಾವಾಗ. ತಂಗಿಯ ಬ್ಯಾಗಿನಲ್ಲಿ ಒಂದು, ನಿಮ್ಮ ಹತ್ತಿರ ಒಂದು.

ತಂಗಿ ಚೆನ್ನಾಗಿರುವಾಗ ಕೂತು ಮಾಡಬೇಕಾದ ಕೆಲಸವೂ ಒಂದಿದೆ. ಮತ್ತೆ ಕಾಯಿಲೆ ಏರಿದರೆ ಏನು ಮಾಡಬೇಕು ಅಂತ ಅವರ ಬಾಯಿಂದಲೇ ಕೇಳಿ ಬರೆದಿಡಿ. ಯಾರಿಗೆ ಫೋನ್ ಮಾಡಬೇಕು, ಯಾರಿಗೆ ಖಂಡಿತ ಹೇಳಬಾರದು, ಯಾವ ಮಾತ್ರೆ ಬೇಡ, ಬ್ಯಾಂಕ್ ಕಾರ್ಡ್ ಯಾರ ಹತ್ತಿರ ಇರಲಿ. ಉನ್ಮಾದದಲ್ಲಿ ಒಂದೇ ವಾರದಲ್ಲಿ ವರ್ಷಗಳ ಉಳಿತಾಯ ಕರಗಿಸಿದವರಿದ್ದಾರೆ, ಅದಕ್ಕೇ ಕಾರ್ಡಿನ ಮಾತು. ಅವತ್ತು ನೀವು ಕಾರ್ಡ್ ಕೇಳಿದಾಗ ಅವರಿಗೆ ಸಿಟ್ಟು ಬರಬಹುದು. ಆದರೂ ಇದು ಅವರೇ ಮಾಡಿದ ತೀರ್ಮಾನ ಅಂತ ಅವರ ಅಕ್ಷರದಲ್ಲೇ ತೋರಿಸುವುದಕ್ಕೂ, ನೀವೇ ಕಿತ್ತುಕೊಳ್ಳುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಕೆಲವು ದೇಶಗಳಲ್ಲಿ ಇಂಥ ಬರಹಕ್ಕೆ ಕಾನೂನಿನ ಬೆಲೆಯೂ ಇದೆ.

ಕಾಯಿಲೆ ಇರುವವರ ಮಾತೇ ಮೊದಲು ಅನ್ನುವುದು ನಾನು ಹೊಸದಾಗಿ ಕಂಡುಹಿಡಿದ ಮಾತಲ್ಲ. ಅಮೆರಿಕದಲ್ಲಿ ಮೂರು ವರ್ಷ ಹುಚ್ಚಾಸ್ಪತ್ರೆಗಳಲ್ಲಿದ್ದು ಹೊರಬಂದ ಕ್ಲಿಫರ್ಡ್ ಬಿಯರ್ಸ್ 1908ರಲ್ಲೇ ಅಲ್ಲಿನ ಹೊಡೆತ ಬಡಿತದ ಬಗ್ಗೆ ಬರೆದು ಸುಧಾರಣೆಗೆ ಚಳವಳಿ ಕಟ್ಟಿದರು. 1966ರಲ್ಲಿ ಆಸ್ಪತ್ರೆ ಸೇರಿದ್ದ ಜೂಡಿ ಚೇಂಬರ್ಲಿನ್ ಮುಂದೆ ಕಾಯಿಲೆ ಕಂಡವರೇ ನಡೆಸುವ ಸಹಾಯ ಗುಂಪುಗಳಿಗಾಗಿ ಜೀವನವಿಡೀ ದುಡಿದರು. 2006ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುವುದೂ ಇದನ್ನೇ: ತೀರ್ಮಾನ ಮಾಡಲು ಕಷ್ಟವಾದವರಿಗೆ ತೀರ್ಮಾನ ಮಾಡಲು ಸಹಾಯ ಕೊಡಿ. ದಾರಿ ತೆರೆದವರು ಕಾಯಿಲೆ ಅನುಭವಿಸಿದವರೇ. ನಿಮ್ಮ ತಂಗಿಗೆ ಅಂಥವರ ಒಂದು ಗುಂಪು ಸಿಕ್ಕರೆ, ನೀವು ನಾನು ಕೊಡಲಾಗದ ಧೈರ್ಯ ಅಲ್ಲಿ ಸಿಗುತ್ತದೆ.

ಕೇಳಲು ಹೆದರಿಕೆ ಆಗುವ ಪ್ರಶ್ನೆ ಒಂದಿದೆ. ತಂಗಿ ತೀರಾ ಕುಗ್ಗಿದಾಗ "ಸಾಯಬೇಕು ಅನ್ನಿಸುತ್ತಿದೆಯಾ?" ಅಂತ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗೆ ಆಗುತ್ತದೆ ಅಂತ ಜನ ಅಂದುಕೊಂಡಿದ್ದಾರೆ, ಅದು ನಿಜ ಅಲ್ಲ. ಹೌದು ಅಂದರೆ ಬೈಯಬೇಡಿ, ಗಾಬರಿ ತೋರಿಸಬೇಡಿ, ಒಬ್ಬರೇ ಇರಲು ಬಿಡಬೇಡಿ. ಮನೆಯಲ್ಲಿರುವ ಮಾತ್ರೆಗಳನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಡಾಕ್ಟರಿಗೋ ನಿಮ್ಮ ಕಡೆಯ ಸಹಾಯವಾಣಿಗೋ ಆಗಲೇ ಫೋನ್ ಮಾಡಿ.

ಉಳಿದ ದಿನಗಳಲ್ಲಿ ದೊಡ್ಡದೇನೂ ಬೇಕಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಜೆರೋಮ್ ಮೊಟ್ಟೊ ಅನ್ನುವ ಮನೋವೈದ್ಯರು, ಖಿನ್ನತೆಯಿಂದಲೋ ಸಾಯುವ ಯೋಚನೆಯಿಂದಲೋ ಆಸ್ಪತ್ರೆ ಸೇರಿ ಬಿಡುಗಡೆಯಾದ ಮೇಲೆ ಚಿಕಿತ್ಸೆ ಬೇಡ ಅಂದಿದ್ದ 843 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಐದು ವರ್ಷ ಆಗಾಗ ಪುಟ್ಟ ಕಾಗದ ಹೋಗುತ್ತಿತ್ತು. ನಿಮ್ಮ ನೆನಪಿದೆ, ಚೆನ್ನಾಗಿದ್ದೀರಿ ಅಂದುಕೊಂಡಿದ್ದೇವೆ ಅನ್ನುವಷ್ಟೇ. ಮೊದಲ ಎರಡು ವರ್ಷದಲ್ಲಿ ಆ ಗುಂಪಿನಲ್ಲಿ ಆತ್ಮಹತ್ಯೆ ಕಡಿಮೆ ಇತ್ತು. ಮುಂದೆ ಬೇರೆ ಕಡೆ ಮಾಡಿದ ಪ್ರಯೋಗಗಳಲ್ಲಿ ಎಲ್ಲ ಸಲವೂ ಇದೇ ಫಲ ಬಂದಿಲ್ಲ. ಆದರೂ ನಾನು ಅಣ್ಣನಿಗೆ ದಿನಾ ಒಂದು ಮೆಸೇಜ್ ಹಾಕುತ್ತೇನೆ. ಮಾತ್ರೆ ತಗೊಂಡ್ಯಾ ಅಂತ ಅದರಲ್ಲಿ ಕೇಳುವುದಿಲ್ಲ. ಏನನ್ನೂ ಕೇಳುವುದಿಲ್ಲ. ಅವನು ಒಂದೊಂದು ಸಲ ಉತ್ತರಿಸುತ್ತಾನೆ.

ನಿಮ್ಮನ್ನೂ ನೋಡಿಕೊಳ್ಳಿ, ಇದನ್ನು ಒಬ್ಬರೇ ಹೊರಬೇಡಿ. ಮನೆಯಲ್ಲೋ ಗೆಳೆಯರಲ್ಲೋ ಇನ್ನೊಬ್ಬರಿಗೆ ಆ ಹಾಳೆ ಎಲ್ಲಿದೆ, ಡಾಕ್ಟರ ನಂಬರ್ ಯಾವುದು ಅನ್ನುವಷ್ಟಾದರೂ ಗೊತ್ತಿರಲಿ, ತಂಗಿ ಒಪ್ಪಿದವರೇ ಆಗಿರಲಿ ಅವರು.

ಈ ಉತ್ತರವನ್ನು ಮೊದಲು ತಂಗಿಗೆ ಓದಲು ಕೊಡಿ. ಅವರು ಇದು ನನಗೆ ಬೇಡ ಅಂದ ಭಾಗ ಬಿಟ್ಟುಬಿಡಿ. ಮಾತ್ರೆಯ ಹೆಸರು ಇಲ್ಲಿ ಬರೆಯಬಹುದು ಅಂತ ಅವರು ಅಂದರೆ ಬರೆಯಿರಿ, ಡಾಕ್ಟರನ್ನು ಏನೇನು ಕೇಳಬಹುದು ಅಂತ ಕೂತು ಯೋಚಿಸೋಣ.